ಹಲ್ಲಿಲ್ಲದವರ ಮಾತು

ದರ್ಜಿಯ ಬಾಯಿ ಬಾಗಿಲು ಕಿತ್ತ ಮನೆಯಂತಾಗಿತ್ತು. ಮಾತು ಹೊರಡುವ ಮೊದಲೇ ಗಾಳಿ ಹೊರಟುಬಿಡುತ್ತಿತ್ತು. ಜೀವಮಾನವಿಡೀ ದಾರವನ್ನು ಹಲ್ಲಿನಿಂದ ಕಡಿದದ್ದರ ಫಲ ಎಂದು ಹೆಂಡತಿ. ವಯಸ್ಸಿನ ಫಲ ಎಂದು ಹಲ್ಲಿನ ಡಾಕ್ಟರು. ಯಾರು ಹೇಳಿದ್ದು ನಿಜವಾದರೂ, ಅಳಿದುಳಿದಿದ್ದ ಹಲ್ಲುಗಳೂ ಕಳೆದ ವಾರ ಹೋಗಿದ್ದವು. ಹೊಸ ಹಲ್ಲು ಕಟ್ಟಿಸುವುದು ವಸಡು ಮಾಗಿದ ಮೇಲೆ. ಸಂತ ಅಪೊಲೋನಿಯಾಳ ದಿನ ಮಾತ್ರ ಯಾರ ವಸಡಿಗೂ ಕಾಯುವಂತಿರಲಿಲ್ಲ. ಅದು ನಾಳೆಯೇ.

ಹಲ್ಲುನೋವಿನವರು ದವಡೆ ಹಿಡಿದುಕೊಂಡು ಮೊರೆಹೋಗುವ ಸಂತ ಆಕೆ. ಕ್ರಿಸ್ತನನ್ನು ನಂಬಿದವರನ್ನು ಬೀದಿಗೆಳೆದು ಬಡಿಯುತ್ತಿದ್ದ ಕಾಲದಲ್ಲಿ ಯಾವುದೋ ಬಂದರು ಪಟ್ಟಣದಲ್ಲಿದ್ದ ಮುದುಕಿ. ದೊಂಬಿಯವರು ಅವಳ ದವಡೆಗೆ ಹೊಡೆದು ಹಲ್ಲುಗಳನ್ನೆಲ್ಲ ಮುರಿದರು. ಊರಾಚೆ ಬೆಂಕಿ ಹೊತ್ತಿಸಿ, ನಿನ್ನ ದೇವರನ್ನು ಬಯ್ಯಿ, ಇಲ್ಲವೇ ಬೇಯಿ ಎಂದರು. ಅವಳು ಬಯ್ಯಲಿಲ್ಲ.

ವರ್ಷಕ್ಕೊಮ್ಮೆ ಚರ್ಚಿನಲ್ಲಿ ಈ ಕಥೆಯನ್ನು ಓದುವವನು ದರ್ಜಿ. ಓದುವುದೆಂದರೆ ಸುಮ್ಮನೆ ಓದುವುದಲ್ಲ. ದೊಂಬಿಯ ನಾಯಕನಿಗೆ ಗುಡುಗು, ಚಾಡಿಕೋರ ನೆರೆಯವನಿಗೆ ಮೂಗಿನ ದನಿ, ಮುದುಕಿಗೆ ಬೆಣ್ಣೆ ಸವರಿದ ಗಂಟಲು. ಜನ ಅವನನ್ನು ರೇಡಿಯೋ ಅಂತಲೇ ಕರೆಯುತ್ತಿದ್ದರು. ಬೆಂಕಿಯ ಮುಂದೆ ಮುದುಕಿ ಮಾಡುವ ಭಾಷಣವಂತೂ ಅವನ ಕಿರೀಟ. ಹಿಂದೆಂದೋ ಯಾವನೋ ಪಾದ್ರಿ ಬರೆದು ಸೇರಿಸಿದ್ದು, ಇಡೀ ಒಂದು ಪುಟ, ಉಸಿರೆಳೆಯಲೂ ಜಾಗವಿಲ್ಲ. ರೇಡಿಯೋ ಅದನ್ನು ಮುತ್ತು ಪೋಣಿಸಿದಂತೆ ಹೇಳುತ್ತಿದ್ದ. ಮೂಗು ಸೀಟದ ಹೆಂಗಸಿರಲಿಲ್ಲ.

ಸಂಜೆ ಅಂಗಡಿಗೆ ಹೆಂಡತಿಯ ತಮ್ಮನ ಮಗ ಬಂದ. ಚರ್ಚಿನ ಮೈಕು, ಲೈಟು ನೋಡಿಕೊಳ್ಳುವ ಎಲೆಕ್ಟ್ರಿಷಿಯನ್.

"ಮಾವ, ಏನೂ ಯೋಚ್ನೆ ಮಾಡ್ಬೇಡಿ. ಹೋದ ವರ್ಷದ್ದು ಪೂರ್ತಿ ರೆಕಾರ್ಡ್ ಮಾಡಿಟ್ಟಿದೀನಿ. ಸ್ಪೀಕರಿಗೆ ಹಾಕಿದ್ರೆ ಮುಗೀತು. ಮುಂದಿನ ಬೆಂಚಲ್ಲಿ ಕೂತ್ಕೊಂಡು ನಿಮ್ಮನ್ನ ನೀವೇ ಕೇಳಿ."

"ಅದು ಶತ್ತೋರಿಗೆ ಮಾಡೋದು."

"ಏನಂದ್ರಿ?"

"ಸತ್ತೋರಿಗೆ ಮಾಡೋದಂತೆ," ಎಂದಳು ಹೆಂಡತಿ, ಗುಂಡಿ ಹೊಲಿಯುತ್ತ. ಹಲ್ಲು ಹೋದಂದಿನಿಂದ ಗಂಡನಿಗೆ ಅವಳೇ ದುಭಾಷಿ.

"ಅಯ್ಯೋ, ಹಾಗಲ್ಲ ಅತ್ತೆ. ಫಾದರ್ ಕೂಡ ಹೇಳಿದ್ರು, ಚೆನ್ನಾಗಿ ಬಂದ್ರೆ ಇನ್ಮೇಲೆ ಪ್ರತಿವರ್ಷ ಅದನ್ನೇ ಹಾಕೋಣ ಅಂತ. ತಪ್ಪಿಲ್ಲ, ಕೆಮ್ಮಿಲ್ಲ. ಮಾವನಿಗೂ ರೆಸ್ಟು."

ರೆಸ್ಟು. ಕಳೆದ ಕೆಲವು ವರ್ಷಗಳಿಂದ ಸಾಕಪ್ಪಾ ಸಾಕು ಎನ್ನುತ್ತಿದ್ದವನು ದರ್ಜಿಯೇ. ನಿಂತರೆ ಮಂಡಿ, ಕೂತರೆ ಸೊಂಟ. ಆದರೆ ಆ ಓದೊಂದು ಕೈಬಿಟ್ಟರೆ ಉಳಿಯುವುದು ಏನು? ಊರವರ ಪ್ಯಾಂಟು ಗಿಡ್ಡ ಮಾಡುವ ಒಬ್ಬ ಮುದುಕ. ಅದೂ ಸೋಲುವುದು ಯಾರಿಗೆ, ತನ್ನದೇ ಹಲ್ಲಿದ್ದ ದನಿಗೆ.

"ನಾನೇ ಓದ್ತೀನಿ," ಎಂದ. "ಆಗ್ಲಿಲ್ಲ ಅಂದ್ರೆ ಕೈ ಎತ್ತುತ್ತೀನಿ, ನೀನು ಗುಂಡಿ ಒತ್ತು."

ಅಳಿಯ ಹೋದ ಮೇಲೆ ನಾಯಕನ ಗುಡುಗನ್ನು ಒಮ್ಮೆ ಪರೀಕ್ಷಿಸಿದ. ಕುಕ್ಕರು ಸೀಟಿ ಹಾಕುವ ಮುಂಚೆ ಬುಸುಗುಟ್ಟಿದಂತಾಯಿತು.

"ನಗಬಾರ್ದು ಅಂತಿದ್ದೆ ರೀ," ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಳು. "ಇಷ್ಟು ವರ್ಷ ಅಪೊಲೋನಿಯಾಳ ಸೇವೆ ಮಾಡಿದ್ರಲ್ಲ, ನಿಮಗೊಂದು ಕೋರೆಹಲ್ಲಾದ್ರೂ ಉಳಿಸಬಾರ್ದಾಗಿತ್ತಾ ಅವಳು?"

"ಅವಳಿಗೇ ಉಳೀಲಿಲ್ಲ ಕಣೇ," ಎಂದು ದೀಪ ಆರಿಸಿದ.

ಮರುದಿನ ಚರ್ಚು ತುಂಬಿತ್ತು. ಫಾದರ್ ತಲೆಯಾಡಿಸಿದರು. ದರ್ಜಿ ಕಂಬದ ಪಕ್ಕದ ಮೈಕಿನ ಮುಂದೆ ನಿಂತು ಶುರುಮಾಡಿದ. ಚಾಡಿಕೋರ ಹೇಗೋ ಪಾರಾದ. ಮೂಗಿಗೆ ಹಲ್ಲು ಬೇಕಿಲ್ಲವಲ್ಲ. ಆಮೇಲೆ ನಾಯಕ ಬಂದ.

"ಶುಟ್ಟುಬಿಡಿ ಇವಳನ್ನ!"

ಮೊದಲು ಮಕ್ಕಳ ಸಾಲು ಕಿಸಕ್ಕೆಂದಿತು, ಆಮೇಲೆ ದೊಡ್ಡವರ ಹೆಗಲುಗಳು ಕುಣಿದವು. ಫಾದರ್ ಕೂಡ ಕೆಮ್ಮಿನ ನೆಪದಲ್ಲಿ ಕರವಸ್ತ್ರ ತೆಗೆದರು. ಅಳಿಯನ ಬೆರಳು ಗುಂಡಿಯ ಮೇಲೆಯೇ ಇತ್ತು, ಕಣ್ಣು ಮಾವನ ಕೈ ಮೇಲೆ. ದರ್ಜಿಯ ಕೈ ಅರ್ಧ ಎದ್ದೂ ಇತ್ತು. ಪುಟದ ಕೊನೆಯ ಸಾಲೊಂದನ್ನು ಮುಗಿಸಿಬಿಡೋಣ ಎಂದುಕೊಂಡ. 'ಅವರು ಅವಳ ಹಲ್ಲುಗಳನ್ನೆಲ್ಲ ಮುರಿದರು.' ಬೆರಳು ಒದ್ದೆ ಮಾಡಿ ಪುಟ ತಿರುವಿದ. 'ಸರ್ವಶಕ್ತನೂ ಸರ್ವಸಾಕ್ಷಿಯೂ ಆದ ಸ್ವಾಮಿಯ ಸನ್ನಿಧಿಯಲ್ಲಿ...'

ನಾಲಿಗೆ ಬೋಳು ವಸಡಿಗೆ ತಗುಲಿ ಅಲ್ಲೇ ನಿಂತಿತು.

ಈ ಪುಟದಲ್ಲಿ ಹಲ್ಲು ಮುರಿದರು, ಆ ಪುಟದಲ್ಲಿ ಭಾಷಣ. ಇಷ್ಟು ವರ್ಷ ನಡುವೆ ತಾನು ಬೆರಳಿಗೆ ಉಗುಳು ಹಚ್ಚಿದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಊರಲ್ಲಿ ಕೆಮ್ಮುವವನ ಕೆಮ್ಮನ್ನೂ ಬಿಡದೆ ಅನುಕರಿಸಿದವನು, ಬಾಯಿ ಒಡೆದ ಮುದುಕಿಗೆ ಮಾತ್ರ ಮುತ್ತಿನಂಥ ಹಲ್ಲು ಕಟ್ಟಿಸಿ ನಿಲ್ಲಿಸಿದ್ದ. ಡಾಕ್ಟರ ಸೂಜಿ, ಹತ್ತಿ, ಮಾತ್ರೆ ಎಲ್ಲ ಇದ್ದೂ ತನಗೆ ಮೊದಲ ದಿನ ನೀರು ಕೊಡು ಎನ್ನಲು ಆಗಿರಲಿಲ್ಲ. ಅವಳು ನಿಂತಿದ್ದಾದರೂ ಹೇಗೆ? ಎಷ್ಟು ಸಾಕಾಗಿತ್ತೋ ಅವಳಿಗೆ.

ಎತ್ತಿದ ಕೈಯನ್ನು ಇಳಿಸಿ ಪುಟದ ಮೇಲಿಟ್ಟ. ಭಾಷಣವೆಲ್ಲ ಅದರಡಿ ಮುಚ್ಚಿಹೋಯಿತು. ಉಳಿದದ್ದು ಪ್ರತಿವರ್ಷ ಅವನು ಗಡಿಬಿಡಿಯಲ್ಲಿ ದಾಟಿಬಿಡುತ್ತಿದ್ದ ಅಡಿಯ ಸಾಲು, ತನ್ನನ್ನು ಹಿಡಿದಿದ್ದವರಿಗೆ ಮುದುಕಿ ಹೇಳಿದ್ದು. ಯಾವ ದನಿಯನ್ನೂ ಹಾಕಿಕೊಳ್ಳಲಿಲ್ಲ. ಹಾಕಿಕೊಳ್ಳಲು ತ್ರಾಣವೂ ಇರಲಿಲ್ಲ.

"ಶೊಲ್ಪ... ಕೈ ಬಿಡಿ."

ನಗಲೆಂದು ಬಾಯಿ ತೆರೆದವರು ಹಾಗೇ ಕೂತರು. ದವಡೆಗೆ ಬಟ್ಟೆ ಕಟ್ಟಿಕೊಂಡು ಬಂದಿದ್ದವಳೊಬ್ಬಳು ಕೈಯನ್ನು ಕೆನ್ನೆಗೊತ್ತಿಕೊಂಡಳು.

"ಅವರು ಬಿಟ್ಟರು. ಅವಳು ತಾನೇ ಬೆಂಕಿಗೆ ಹಾರಿದಳು," ಎಂದು ಪುಸ್ತಕ ಮುಚ್ಚಿ, ಕಂಬ ಹಿಡಿದುಕೊಂಡು ಮೆಟ್ಟಿಲಿಳಿದ.

ಹೊರಗೆ ಅಳಿಯ ವೈರು ಸುತ್ತುತ್ತ ಬಂದ. "ಮಾವ, ಭಾಷಣಾನೇ ಬಿಟ್ರಲ್ಲ! ಫಾದರ್ ಕೇಳ್ತಿದಾರೆ, ಮುಂದಿನ ವರ್ಷ ಏನ್ಮಾಡೋದು ಅಂತ. ಅಷ್ಟೊತ್ತಿಗೆ ಹೊಸ ಹಲ್ಲು ಬಂದಿರತ್ತಲ್ಲ."

"ಬಂದಿರತ್ತೆ. ತೆಗೆದು ಜೇಬಲ್ಲಿಟ್ಕೊಂಡು ಓದ್ತೀನಿ."

ಅಳಿಯ ಅತ್ತೆಯ ಮುಖ ನೋಡಿದ. ಅವಳು ಈ ಸಲ ಅನುವಾದಿಸಲಿಲ್ಲ. ಗಂಡನ ತೋಳಿಗೆ ಕೈ ಕೊಟ್ಟು, "ನಡೀರಿ, ಮೆತ್ತಗೆ ಏನಾದ್ರೂ ಮಾಡಿಕೊಡ್ತೀನಿ," ಎಂದಳು.