ಕರೇಕಲ್ಲು ಸ್ಟೇಷನ್ನಿನ ನೀರು

“ಥೂ! ಹಾಳಾದ್ದು ಹೊರಕ್ಕೇ ಬರ್ತಾ ಇಲ್ವಲ್ಲೋ!”

ಪಟೇಲ ಮಹಾಲಿಂಗಯ್ಯ ಗಂಟಲಿಗೆ ಎರಡು ಬೆರಳು ತುರುಕಿಕೊಂಡು ಪ್ಲಾಟ್‌ಫಾರಂ ಮೇಲೆ ಬಗ್ಗಿ ಓಕರಿಸುತ್ತಿದ್ದ. ಕಣ್ಣು ಕೆಂಪಾಗಿತ್ತು. ಬಂದದ್ದು ಬರೀ ಜೊಲ್ಲು. ಕುಡಿದ ಎರಡು ಚೊಂಬು ನೀರು ಒಳಗೇ ಉಳಿದಿತ್ತು.

“ಯಾರೇ ನಿಂಗೆ ಚೊಂಬು ಮುಟ್ಟು ಅಂದೋರು, ಹೊಲೆಮುಂಡೆ?”

ದಾಸಮ್ಮ ಬೇವಿನ ಮರದ ಕೆಳಗೆ ಚೊಂಬು ಹಿಡಿದೇ ನಿಂತಿದ್ದಳು. ಅವಳು ರೈಲ್ವೆಯ ನೀರು ಕೊಡುವ ಆಳು ಎನ್ನುವುದಕ್ಕೆ ತೋಳಿನಲ್ಲಿ ಹಿತ್ತಾಳೆ ಬಿಲ್ಲೆಯಿತ್ತು. ಬಿಲ್ಲೆ ಕಟ್ಟಿ ಏಳು ತಿಂಗಳಾಗಿತ್ತು. ಚೊಂಬು ಮುಟ್ಟಿದ್ದು ಇವತ್ತೇ ಮೊದಲು.

ಹಿಂದೂಪುರಕ್ಕೆ ಒಂದು ನಿಲ್ದಾಣ ಈಚೆಗೆ, ಮಧುಗಿರಿ ಸೀಮೆಯ ಅಂಚಿನಲ್ಲಿ ಕರೇಕಲ್ಲು ಸ್ಟೇಷನ್ ಎದ್ದದ್ದು ಐವತ್ತಮೂರರಲ್ಲಿ. ಅರ್ಜಿ ಬರೆಸಿ ಊರಿನ ಹೆಬ್ಬೆಟ್ಟು ಒತ್ತಿಸಿದವನು ಪಟೇಲ. ಮಣ್ಣು ಹೊತ್ತು ಪ್ಲಾಟ್‌ಫಾರಂ ಎತ್ತರಿಸಿದ್ದು ಹೊಲಗೇರಿ. ಜಾಗವೂ ಕೇರಿಯವರು ಹೆಣ ಹೂಳುತ್ತಿದ್ದ ಜಾಗವೇ. ಸರ್ಕಾರದ ನಕ್ಷೆಯಲ್ಲಿ ಮಾತ್ರ ಖರಾಬು ಜಮೀನು. ಬಾವಿ ತೋಡುವಾಗ ಅರವತ್ತನೇ ಅಡಿಯಲ್ಲಿ ಬಂಡೆ ಸಿಡಿದು ದಾಸಮ್ಮನ ಗಂಡ ರಂಗಯ್ಯ ಸತ್ತ. ಮರುದಿನ ನೀರು ಬಂತು. ಮೂರನೇ ದಿನ ಪಟೇಲ ಗಂಗೆಪೂಜೆ ಮಾಡಿಸಿ, ತೋಡಿದವರನ್ನೇ ಬಾವಿಯಿಂದ ದೂರ ನಿಲ್ಲಿಸಿದ.

ಸತ್ತವನ ಹೆಂಡತಿಗೆ ನೀರು ಕೊಡುವ ಕೆಲಸವೆಂದು ಮೇಲಿನಿಂದ ಕಾಗದ ಬರಲು ನಾಲ್ಕು ವರ್ಷ ಹಿಡಿಯಿತು. ಸ್ಟೇಷನ್ ಮಾಸ್ತರರು ಅದಕ್ಕೂ ಒಂದು ದಾರಿ ಕಂಡುಕೊಂಡರು. ಸೇದುವುದು, ಹುಯ್ಯುವುದು ಪೋರ್ಟರ್ ರೇಣುಕಯ್ಯ. ಬಿಲ್ಲೆ ಕಟ್ಟಿಕೊಂಡು ಮರದ ಕೆಳಗೆ ಕೂರುವುದು ದಾಸಮ್ಮ. ಸಾಹೇಬರು ಟ್ರಾಲಿಯಲ್ಲಿ ತನಿಖೆಗೆ ಬಂದ ದಿನ ಎದ್ದು ಕೊಡದ ಪಕ್ಕ ನಿಂತರಾಯಿತು. ಬಾಯಾರಿದರೆ ಅವಳು ಕೇರಿಗೆ ಹೋಗಿ ಕುಡಿದು ಬರುತ್ತಿದ್ದಳು.

ಇವತ್ತು ರೇಣುಕಯ್ಯ ಉಂಡು ಮಲಗಿಬಿಟ್ಟಿದ್ದ. ಮಧ್ಯಾಹ್ನದ ಪ್ಯಾಸೆಂಜರ್ ಬಂದು, ಎದುರು ಗಾಡಿಗೆ ಕಾಯುತ್ತ ನಿಂತಿತು. ಕಿಟಕಿ ಕಿಟಕಿಯಲ್ಲೂ ಕೈ. “ನೀರು ಕೊಡಮ್ಮೋ!” “ನೀಳ್ಳಮ್ಮಾ, ನೀಳ್ಳು!” ದಾಸಮ್ಮ ಎದ್ದಳು. ಸೇದಿದಳು, ಕೊಟ್ಟಳು. ಗಾಡಿಯಿಂದಿಳಿದ ಪಟೇಲನೂ ಬಿಸಿಲಿಗೆ ಕಣ್ಣು ಮುಚ್ಚಿ ಬೊಗಸೆಯೊಡ್ಡಿದ. “ಹುಯ್ಯಯ್ಯ, ಹುಯ್ಯಿ. ಏನು ತಣ್ಣಗದೆ! ಇನ್ನೊಂದು ಚೊಂಬು ಹುಯ್ಯಿ.” ಕುಡಿದು, ತೇಗಿ, ತಲೆಯೆತ್ತಿದಾಗ ದಾಸಮ್ಮನ ಬಳೆಯಿಲ್ಲದ ಕೈ ಕಂಡಿತು.

ಕೂಗಾಟಕ್ಕೆ ರೇಣುಕಯ್ಯ ಎದ್ದು ಓಡಿ ಬಂದ. ಮಾಸ್ತರರು ಪಟೇಲನ ಕಿವಿಯಲ್ಲಿ ಏನೋ ಹೇಳಿ, ಇವಳ ಕಡೆ ತಿರುಗಿದರು.

“ನೋಡು ದಾಸಮ್ಮ, ಪಟೇಲರು ಕಣ್ಣು ಮುಚ್ಚಿದ್ರು. ನೀರು ಹುಯ್ದಿದ್ದು ರೇಣುಕಯ್ಯ. ನೀನು ಆಮೇಲೆ ಚೊಂಬು ಎತ್ಕೊಂಡೆ. ಅಷ್ಟು ಹೇಳಿಬಿಡು. ಅವರ ಮರ್ಯಾದೆ ಉಳೀತು, ನಿನ್ನ ಕೆಲಸವೂ ಉಳೀತು.”

“ಊಂ ಕಣಮ್ಮಿ, ನಾನೇ ಹುಯ್ದಿದ್ದು,” ಅಂದ ರೇಣುಕಯ್ಯ. ಅವನ ಕೆನ್ನೆಯ ಮೇಲೆ ಚಾಪೆಯ ಗೀರು ಇನ್ನೂ ಇತ್ತು.

ಪಟೇಲ ಕಳ್ಳೆಕಾಯಿ ಮಾರುವ ಶಿರಾದ ಅಕ್ಬರನ ಕಡೆ ನೋಡಿದ. “ನೀನೇನು ಕಂಡ್ಯೋ, ಸಾಬಿ?”

“ನಾನು ಪೊಟ್ಣ ಕಟ್ತಾ ಇದ್ದೆ ಪಟೇಲ್ರೆ. ಕಣ್ಣು ಪೂರಾ ಪೊಟ್ಣದ ಮೇಲೇ ಇತ್ತು.”

ಕಿಟಕಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಎಲ್ಲರೂ ದಾಸಮ್ಮನ ಬಾಯಿ ನೋಡುತ್ತಿದ್ದರು. ತಲೆಯಾಡಿಸಿದರೂ ಸಾಕಿತ್ತು. ಈ ಕೆಲಸ ಹೋದರೆ ಪಟೇಲನ ಹೊಲದ ಕೂಲಿಯೇ ಗತಿ, ತೆಂಗಿನ ಚಿಪ್ಪಿಗೆ ಎತ್ತರದಿಂದ ಹುಯ್ಯುವ ನೀರೇ ಗತಿ. ಅದು ಅವಳಿಗೆ ಗೊತ್ತಿತ್ತು.

“ರೇಣುಕಯ್ಯ ಗೊರಕೆ ಹೊಡೀತಿದ್ದ ಕಣ್ರಪ್ಪ,” ಅಂದಳು. “ಸೇದ್ದೋಳು ನಾನು. ಹುಯ್ದೋಳು ನಾನು. ಇನ್ನೊಂದು ಚೊಂಬು ಅಂದೋರು ನೀವು. ನನ್ ಗಂಡ ರಕ್ತ ಕಾರ್ಕಂಡ್ ಸತ್ತ ಬಾವಿ ಅದು. ತಣ್ಣಗದೆ ಅಂದ್ರಲ್ಲ ಪಟೇಲ್ರೆ, ಅದೂ ಸುಳ್ಳಾ?”

ಪಟೇಲನ ಎಕ್ಕಡ ಹಾರಿ ಬಂದು ಅವಳ ಹಣೆಗೆ ಬಡಿಯಿತು.

“ಬೋಸುಡಿ! ಗಾಡಿ ಅತ್ಲಾಗೆ ಹೋಗ್ಲಿ, ನಿನ್ ಗುಡ್ಲು ಹೆಂಗೆ ಉಳೀತದೋ ನೋಡ್ತೀನಿ!”

ಮಾಸ್ತರರು ಬಿಲ್ಲೆಗೆ ಕೈಚಾಚಿದರು. ಅವಳ ತೋಳು ಮುಟ್ಟಬೇಕಾಗುತ್ತದೆಂದು ಅರಿವಾಗಿ ಕೈ ಹಿಂದಕ್ಕೆಳೆದುಕೊಂಡರು. “ಬಿಚ್ಚಿಡು.”

“ನೀವೇ ಬಿಚ್ಕಳಿ ಸ್ವಾಮಿ,” ಅಂದು ದಾಸಮ್ಮ ತೋಳು ಮುಂದೊಡ್ಡಿದಳು. ಯಾರೂ ಬರಲಿಲ್ಲ.

ಅವಳು ಕೊಡ ಸೊಂಟಕ್ಕೇರಿಸಿ ಗಾಡಿಯುದ್ದಕ್ಕೂ ನಡೆದಳು.

“ನೀರೂ... ಹೊಲೇರ ದಾಸಿ ಸೇದಿದ ನೀರೂ...”

ಮೊದಲ ಕಿಟಕಿಯ ತಾಮ್ರದ ಚೊಂಬು ಒಳಗೆ ಹೋಯಿತು. ಎರಡನೆಯ ಕಿಟಕಿಯ ಬಾಗಿಲು ಧಡ್ ಎಂದು ಬಿತ್ತು. ಮೂರನೆಯದರಲ್ಲಿ, ಆಗಲೇ ಕುಡಿದಿದ್ದ ಹೆಂಗಸೊಬ್ಬಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. ತುಟಿ ಕೆಂಪಾಗುವಷ್ಟು ಒರೆಸಿಕೊಂಡಳು.

ಪಟೇಲನ ಆಳೊಬ್ಬ ಕೇರಿಯ ಕಡೆ ಓಡುತ್ತಿದ್ದುದು ದಾಸಮ್ಮನಿಗೆ ಕಾಣುತ್ತಿತ್ತು. ಅಷ್ಟರಲ್ಲಿ ಎದುರು ಗಾಡಿ ಬಂದು ಆಚೆಯ ಹಳಿಯ ಮೇಲೆ ನಿಂತಿತು. ಅದರ ಕಿಟಕಿಗಳಿಂದಲೂ ಕೈಗಳು ಹೊರಬಂದು ನೀರು ನೀರು ಎನ್ನತೊಡಗಿದವು. ಅವಳು ಹಣೆಯ ರಕ್ತವನ್ನು ಮುಂಗೈಯಿಂದ ಒತ್ತಿಕೊಂಡು, ಗಾಡಿಯ ಹಿಂದಿನಿಂದ ಹಳಿ ದಾಟಿ, ಅದೇ ಮಾತು ಕೂಗುತ್ತ ಆ ಕೈಗಳ ಕಡೆ ನಡೆದಳು.