ದೊಡ್ಡಮ್ಮನ ಕಡೆಯ ಬ್ರೇಕು

ನಾನು ಹೇಳುವ ಹತ್ತು ಕತೆಗಳಲ್ಲಿ ಒಂಬತ್ತನ್ನು ನಮ್ಮ ಮನೆಯವರು ನಂಬುವುದಿಲ್ಲ. ಇದು ಹತ್ತನೆಯದು, ಅಪ್ಪಟ ನಿಜ. ಅನುಮಾನವಿದ್ದರೆ ಆ ಕಾರಿನ ಪಕ್ಕದ ಸೀಟಿನ ಕೆಳಗೆ ಕೈ ಹಾಕಿ ನೋಡಿ, ಪೆಪ್ಪರ್‌ಮಿಂಟಿನ ಕಾಗದಗಳು ಇನ್ನೂ ಸಿಗುತ್ತವೆ.

ಕಾರು ನಮ್ಮ ದೊಡ್ಡಮ್ಮನದು. ಇಪ್ಪತ್ತೆಂಟು ವರ್ಷ ಅದರಲ್ಲಿ ಊರಿಗೆಲ್ಲ ಡ್ರೈವಿಂಗ್ ಕಲಿಸಿದ್ದಾಳೆ. ಹಾಗಾಗಿ ಮನೆಯಲ್ಲಿ ಆ ಕಾರಿಗೆ 'ಶಾಲೆ' ಎಂದೇ ಹೆಸರು. "ಶಾಲೆಗೆ ಪೆಟ್ರೋಲ್ ಇದ್ಯಾ?" "ಶಾಲೆ ಮೇಲೆ ಕಾಗೆ ಗಲೀಜು ಮಾಡಿದೆ, ಒರೆಸು" ಎಂದು ನಾವು ಮಾತಾಡಿಕೊಂಡರೆ ಹೊಸಬರು ಮಿಕಿಮಿಕಿ ನೋಡುತ್ತಾರೆ. ಕಲಿಸುವ ಕಾರು ಅಂದಮೇಲೆ ಬ್ರೇಕ್ ಪೆಡಲ್ ಎರಡು. ಒಂದು ಓಡಿಸುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂತ ದೊಡ್ಡಮ್ಮನ ಕಾಲಡಿ. ನಡುವೆ ಎರಡನ್ನೂ ಕೂಡಿಸುವ ಒಂದು ಕಬ್ಬಿಣದ ಸರಳು. ಯಾರು ಒತ್ತಿದರೂ ಕಾರು ನಿಲ್ಲಬೇಕು. ಆದರೆ ಯಾವಾಗಲೂ ಒತ್ತುತ್ತಿದ್ದವಳು ದೊಡ್ಡಮ್ಮ. ಅವಳು ಬಸ್ಸಿನಲ್ಲಿ ಕೂತರೂ ಒತ್ತುತ್ತಾಳೆ. ಟಿವಿಯಲ್ಲಿ ಯಾರಾದರೂ ಜೋರಾಗಿ ಓಡಿದರೂ ಒತ್ತುತ್ತಾಳೆ. ಸೋಫಾದ ಮುಂದಿನ ಚಾಪೆಯಲ್ಲಿ ಅವಳ ಬಲಗಾಲಿನ ಅಳತೆಗೆ ಒಂದು ತೂತಿದೆ.

ಊರಿಗೆಲ್ಲ ಕಲಿಸಿದವಳ ಸ್ವಂತ ಮಗಳು, ಅಂದರೆ ನನ್ನ ಅಕ್ಕ, ಡ್ರೈವಿಂಗ್ ಪರೀಕ್ಷೆಯಲ್ಲಿ ಎರಡು ಸಲ ಫೇಲು. ಎರಡು ಬ್ರೇಕಿನ ಕಾರಿಗೆ ಎರಡು ಫೇಲು, ಸರಿಹೋಯಿತಲ್ಲ ಎಂದು ನಾನು ಚುಡಾಯಿಸಿದ್ದಕ್ಕೆ ಅವಳು ಒಂದು ವಾರ ನನ್ನ ಕಾಫಿಗೆ ಸಕ್ಕರೆ ಹಾಕಲಿಲ್ಲ. ಅವಳಿಗೆ ಅದು ನಗುವ ವಿಷಯವಾಗಿರಲಿಲ್ಲ. ಅಕ್ಕ ನರ್ಸು. ಹಾಸಿಗೆ ಬಿಟ್ಟು ಏಳಲಾಗದ ರೋಗಿಗಳನ್ನು ಅವರ ಮನೆಗೇ ಹೋಗಿ ನೋಡಿಕೊಳ್ಳುವ ಕೆಲಸಕ್ಕೆ ಆಸ್ಪತ್ರೆಯವರು ಅವಳನ್ನು ಆರಿಸಿದ್ದರು. ಆರು ವರ್ಷದಿಂದ ಅವಳು ಆಸೆಪಟ್ಟಿದ್ದ ಕೆಲಸ. ಷರತ್ತು ಒಂದೇ, ಬರುವ ಸೋಮವಾರ ಸಂಜೆಯೊಳಗೆ ಲೈಸೆನ್ಸ್ ತೋರಿಸಬೇಕು. ಇಲ್ಲದಿದ್ದರೆ ಪಟ್ಟಿಯಲ್ಲಿ ಅವಳ ಹಿಂದಿದ್ದವರಿಗೆ ಅದೃಷ್ಟ. ಮೂರನೇ ಪರೀಕ್ಷೆ ಅದೇ ಸೋಮವಾರ ಬೆಳಗ್ಗೆ.

ಮುಹೂರ್ತ ನೋಡಿಟ್ಟಂತೆ ಮಂಗಳವಾರ ಶಾಲೆಯ ಬ್ರೇಕ್ ಕೈಕೊಟ್ಟಿತು. ಪೆಡಲ್ ಒತ್ತಿದರೆ ಬೆಣ್ಣೆಯಲ್ಲಿ ಕಾಲಿಟ್ಟ ಹಾಗೆ ಮೆತ್ತಗೆ ಕೆಳಗಿಳಿಯುತ್ತಿತ್ತು. ಹಿಂದಿನ ಚಕ್ರದ ಪಕ್ಕ ನೆಲದ ಮೇಲೆ ಎಣ್ಣೆಯಂಥ ಒದ್ದೆ.

ಮನೆಯ ಹಿಂದೆಯೇ ದೊಡ್ಡಪ್ಪನ ಗ್ಯಾರೇಜು. ನಾನು ಇತಿಹಾಸದಲ್ಲಿ ಎಂ.ಎ. ಮಾಡಿ ಅಲ್ಲಿಗೆ ಸೇರಿದವನು. ಹಳೆಯದನ್ನು ಕೆರೆದು ನೋಡುವುದೇ ಎರಡೂ ಕಡೆಯ ಕೆಲಸ. ಇಲ್ಲಿ ಸೋಪು ಸ್ವಲ್ಪ ಹೆಚ್ಚು ಬೇಕು, ಅಷ್ಟೇ. ಕಾರನ್ನು ಎತ್ತಿ ನಿಲ್ಲಿಸಿ, ಬೆನ್ನ ಮೇಲೆ ಮಲಗಿ ಒಳಗೆ ಜಾರಿದೆ. ಎಂಜಿನ್ನಿನ ಕಡೆಯಿಂದ ನಾಲ್ಕು ಚಕ್ರಗಳಿಗೂ ಬ್ರೇಕಿನ ದ್ರವವನ್ನು ಒಯ್ಯುವ ಉಕ್ಕಿನ ಪೈಪುಗಳು, ಪೆನ್ಸಿಲ್ಲಿಗಿಂತ ಸಪೂರ. ಅವುಗಳನ್ನು ಹಿಡಿದಿದ್ದ ಕ್ಲಿಪ್ಪಿನ ಸಂದಿಯಲ್ಲಿ ವರ್ಷಗಟ್ಟಲೆ ಕೆಸರು ಕೂತು, ಆ ಜಾಗ ಹಪ್ಪಳದ ಹಾಗೆ ಉಬ್ಬಿತ್ತು. ಸ್ಕ್ರೂಡ್ರೈವರಿನ ತುದಿಯಿಂದ ಕೆರೆದೆ. ತುಕ್ಕಿನ ಚಕ್ಕೆ ನೇರ ನನ್ನ ಬಾಯಿಗೇ ಬಿತ್ತು.

ದೊಡ್ಡಪ್ಪ ಮಾತಿನಲ್ಲಿ ಬಲು ಜಿಪುಣರು. ಬಗ್ಗಿ ನೋಡಿ, "ಎಲ್ಲಾ ಪೈಪೂ ಬದಲಾಯಿಸು" ಅಂದರು.

"ತೂತಾಗಿರೋದು ಒಂದೇ ಅಲ್ವಾ ದೊಡ್ಡಪ್ಪ?"

"ಉಳಿದವಕ್ಕೂ ಅಷ್ಟೇ ವಯಸ್ಸು."

ಬುಧವಾರ, ಗುರುವಾರ ಅದೇ ಕೆಲಸ. ತುಕ್ಕು ಹಿಡಿಯದ ತಾಮ್ರಬೆರಕೆಯ ಹೊಸ ಪೈಪಿನ ಸುರುಳಿ ತಂದು, ಹಳೆಯದರ ಪಕ್ಕ ಇಟ್ಟು ಅಳೆದು, ಡಬ್ಬಿಯ ಸುತ್ತ ಬಗ್ಗಿಸಿ, ತುದಿಯನ್ನು ಪುಟ್ಟ ತುತ್ತೂರಿಯ ಬಾಯಿಯಂತೆ ಅರಳಿಸಬೇಕು. ಅರಳಿಸುವ ಮುಂಚೆ ನಟ್ಟನ್ನು ಪೈಪಿಗೆ ಪೋಣಿಸಬೇಕು. ಆಮೇಲೆ ಅದು ತೂರುವುದಿಲ್ಲ. ಮೊದಲನೆಯದರಲ್ಲಿ ನಾನು ಮರೆತೆ. ಎರಡನೆಯದರಲ್ಲಿ ನೆನಪಿತ್ತು, ಹಿಂದುಮುಂದಾಗಿ ಪೋಣಿಸಿದೆ. ದೊಡ್ಡಪ್ಪ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ 'ಮೊದಲು ನಟ್ಟು' ಎಂದು ಬರೆದರು. ಅದು ಅವರ ಅತಿ ದೀರ್ಘ ಭಾಷಣ. ಚಕ್ರದ ಹತ್ತಿರ ಬಿರುಕು ಬಿಟ್ಟಿದ್ದ ರಬ್ಬರ್ ಹೋಸುಗಳನ್ನೂ ಅವರೇ ಬದಲಾಯಿಸಿದರು.

ಗುರುವಾರ ಮಧ್ಯಾಹ್ನ ಪೈಪಿನೊಳಗಿನ ಗಾಳಿ ತೆಗೆಯುವ ಕೆಲಸ. ಗಾಳಿ ಉಳಿದರೆ ಪೆಡಲ್ ಮೆತ್ತಗೇ ಇರುತ್ತದೆ. ಇದಕ್ಕೆ ಇಬ್ಬರು ಬೇಕು. ಕೆಳಗಿರುವವನು "ಒತ್ತು" ಅಂದಾಗ ಮೇಲಿರುವವರು ಪೆಡಲ್ ಒತ್ತಿ ಹಿಡಿಯಬೇಕು. ಕೆಳಗಿನವನು ಚಕ್ರದ ಹಿಂದಿನ ಸಣ್ಣ ತಿರುಪು ಸಡಿಲಿಸಿದರೆ ಗಾಳಿ ಗುಳುಗುಳು ಅಂತ ಬಾಟಲಿಗೆ ಬರುತ್ತದೆ. ತಿರುಪು ಬಿಗಿದ ಮೇಲೇ "ಬಿಡು". ಅದಕ್ಕೆ ಮುಂಚೆ ಕಾಲೆತ್ತಿದರೆ ಹೊರಗಿನ ಗಾಳಿಯೆಲ್ಲ ಮತ್ತೆ ಒಳಗೆ. ಅಕ್ಕ ಮೇಲೆ ಕೂತಳು, ನಾನು ಕೆಳಗೆ.

ಮೂರು ಚಕ್ರ ಸಲೀಸಾಗಿ ಮುಗಿಯಿತು. ನಾಲ್ಕನೆಯದರಲ್ಲಿ ನನ್ನ ಕೆಟ್ಟ ಚಟ ತಲೆಯೆತ್ತಿತು. ನನಗೆ ಬೇರೆಯವರ ದನಿಯನ್ನು ಅಣಕಿಸುವ ಹುಚ್ಚು. ದೊಡ್ಡಮ್ಮನದು ಮೂಗಿನಲ್ಲಿ ಹುಟ್ಟಿ, ಹಣೆಯಲ್ಲಿ ತಿರುವು ತೆಗೆದುಕೊಂಡು, ಹಾರನ್ನಾಗಿ ಹೊರಡುವ ದನಿ. ತಿರುಪು ಸಡಿಲವಾಗಿದ್ದಾಗಲೇ, ಅಕ್ಕ ಪೆಡಲನ್ನು ಇನ್ನೂ ಗಟ್ಟಿಯಾಗಿ ಒತ್ತಲಿ ಎಂದು ಆ ದನಿಯಲ್ಲಿ ಕಿರುಚಿದೆ. "ಬ್ರೇ...ಕ್!"

ಬಾಟಲಿಯಲ್ಲಿದ್ದ ದ್ರವ ಸೊರ್ರನೆ ಹಿಂದಕ್ಕೆ ಹೋಯಿತು.

"ಅಕ್ಕಾ! ಕಾಲು ಯಾಕೆ ತೆಗೆದೆ?"

"ಅಮ್ಮ ಬ್ರೇಕ್ ಅಂದ್ಲಲ್ಲೋ!"

"ಬ್ರೇಕ್ ಅಂದ್ರೆ ಒತ್ಬೇಕು ತಾನೇ?"

"ಬ್ರೇಕ್ ಅನ್ನೋಷ್ಟರಲ್ಲಿ ಅಮ್ಮ ಒತ್ತಿರ್ತಾಳೆ. ನಾನು ಕಾಲು ತೆಗೆದು ಕಣ್ಣು ಮುಚ್ಕೊಳ್ಳೋದು." ಆಮೇಲೆ ಮೇಲಿನಿಂದ ಸಣ್ಣ ದನಿ ಬಂತು. "ಎಲ್ರೂ ಹಾಗೇ ಅಲ್ವಾ ಮಾಡೋದು?"

ಕಾರಿನ ಆಚೆ ಪಕ್ಕದಿಂದ ದೊಡ್ಡಪ್ಪನ ತಲೆ ಇಣುಕಿತು. "ಸಿಕ್ತು" ಅಂದರು.

"ಏನ್ ಸಿಕ್ತು?"

"ಸೋರಿಕೆ."

ನಾಲ್ಕನೇ ಚಕ್ರಕ್ಕೆ ಮತ್ತೆ ಮೊದಲಿನಿಂದ ಗಾಳಿ ತೆಗೆದೆವು. ಸಂಜೆ ಅಕ್ಕ ಆಸ್ಪತ್ರೆಗೆ ಹೋದ ಮೇಲೆ ಊಟದ ಮೇಜಿನ ಸುತ್ತ ಮೂವರ ಸಂಚು ಶುರುವಾಯಿತು. ಎರಡು ಪೆಡಲುಗಳ ನಡುವಿನ ಸರಳನ್ನೇ ಬಿಚ್ಚಿಬಿಡೋಣ, ಆಗ ಅಕ್ಕ ತಾನೇ ಬ್ರೇಕ್ ಹಾಕಲೇಬೇಕಾಗುತ್ತದೆ ಎಂದೆ.

"ಬ್ರೇಕಲ್ಲಿ ತಮಾಷೆ ಬೇಡ" ಅಂದರು ದೊಡ್ಡಪ್ಪ.

"ಸರಿ, ಬಿಚ್ಚೋದು ಬೇಡ. ಬಿಚ್ಚಿದೀವಿ ಅಂತ ಹೇಳೋಣ. ಪೈಪು ಹಾಕೋವಾಗ ಸರಳು ತೆಗೀಬೇಕಾಯ್ತು, ದೊಡ್ಡಮ್ಮನ ಕಡೆ ಪೆಡಲ್ ಸತ್ತುಹೋಯ್ತು ಅಂತ."

ದೊಡ್ಡಮ್ಮನ ತುತ್ತು ಅರ್ಧದಲ್ಲೇ ನಿಂತಿತು. "ಅಂದ್ರೆ ಅದು ಬದುಕಿರತ್ತೆ, ನಾನು ಮುಟ್ಟಬಾರದು?"

"ನೀನು ಮುಟ್ಟಿದ್ರೆ ಕಾರು ನಿಲ್ಲತ್ತೆ, ಗುಟ್ಟು ರಟ್ಟಾಗತ್ತೆ."

"ನಿಜವಾಗ್ಲೂ ಗುದ್ದೋ ಹಾಗಾದ್ರೆ?"

"ಆಗ ಒತ್ತು. ಅದಕ್ಕೇ ಬಿಚ್ಚದೆ ಇರೋದು."

ಇತಿಹಾಸ ಓದಿದ ನನಗೆ ಕಾಲದ ಮೇಲೆ ಹಿಡಿತವಿರಬಹುದು. ದೊಡ್ಡಮ್ಮನಿಗೆ ಕಾಲಿನ ಮೇಲೆ ಹಿಡಿತವಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ಅವಳು ತಟ್ಟೆ ದೂಡಿ, ಮೇಜಿನ ಕೆಳಗೆ ಬಗ್ಗಿ ತನ್ನ ಬಲಗಾಲಿಗೇ ಬೈದಳು. "ಕೇಳಿಸ್ತಾ? ಮೂರು ದಿನ ತೆಪ್ಪಗಿರು. ಅವಳ ಕೆಲಸದ ಪ್ರಶ್ನೆ."

ಶುಕ್ರವಾರ ಬೆಳಗ್ಗೆ ಗುಜರಿಯ ಡಬ್ಬಿಯಿಂದ ಒಂದು ಹಳೇ ವೈಪರಿನ ಸರಳನ್ನು ತಂದು ಅಕ್ಕನ ಕೈಗಿಟ್ಟೆ. "ನೋಡು, ಇದೇ ಬಿಚ್ಚಿದ್ದು. ಇನ್ಮೇಲೆ ದೊಡ್ಡಮ್ಮನ ಪೆಡಲ್ ಅಲಂಕಾರಕ್ಕೆ."

ಅಕ್ಕನ ಮುಖ ಸುಣ್ಣ ಬಳಿದ ಗೋಡೆಯಾಯಿತು. "ಹಾಗಾದ್ರೆ ನಿಲ್ಲಿಸೋರು ಯಾರೋ?"

"ಅದನ್ನೇ ನಾವೂ ನೋಡೋಣ ಅಂತ."

ಗ್ಯಾರೇಜಿನ ಹಿಂದಿನ ಬಯಲಿನಲ್ಲಿ ಖಾಲಿ ಆಯಿಲ್ ಡಬ್ಬಿಗಳನ್ನು ನಿಲ್ಲಿಸಿದೆ. ದೊಡ್ಡಮ್ಮ ಚಪ್ಪಲಿ ಬಿಟ್ಟು, ಪಕ್ಕದ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬೆಲ್ಟ್ ಕಟ್ಟಿಕೊಂಡಳು. ಸತ್ತ ಪೆಡಲಿಗೆ ಕಾಲಿಟ್ಟು ಏನು ಪ್ರಯೋಜನ ಎಂಬುದು ಅವಳು ಕೊಟ್ಟ ಕಾರಣ. ಆದರೆ ಅವಳ ಬ್ರೇಕು ಕಾಲಲ್ಲಿ ಮಾತ್ರವಲ್ಲ, ಬಾಯಲ್ಲೂ ಇತ್ತಲ್ಲ. ಅದಕ್ಕೆ ನಾಲ್ಕು ಪೆಪ್ಪರ್‌ಮಿಂಟುಗಳನ್ನು ಒಟ್ಟಿಗೆ ತುಂಬಿಕೊಂಡಳು. ನಾನು ಹಿಂದಿನ ಸೀಟಿನಲ್ಲಿ.

ಮೊದಲ ಡಬ್ಬಿ ಹತ್ತಿರವಾದಾಗ ದೊಡ್ಡಮ್ಮನ ದನಿಯಲ್ಲಿ ಕೂಗಿದೆ. "ಬ್ರೇ...ಕ್!" ಅಕ್ಕ ಕಾಲೆತ್ತಿ ಕಣ್ಣು ಮುಚ್ಚಿದಳು. ಡಬ್ಬಿ ಚಪಾತಿಯಾಯಿತು. ಎರಡನೆಯದೂ ಅಷ್ಟೇ. ಮೂರನೆಯದಕ್ಕೆ ಕಣ್ಣು ತೆರೆದಿತ್ತು, ಕಾಲು ಮಾತ್ರ ಮೇಲಿತ್ತು. ದೊಡ್ಡಮ್ಮ ಎರಡೂ ಕೈಯಲ್ಲಿ ತನ್ನ ಬಲಗಾಲನ್ನು ಹಿಡಿದುಕೊಂಡು, ಪೆಪ್ಪರ್‌ಮಿಂಟನ್ನು ಕಟಕಟ ಕಡಿಯುತ್ತಿದ್ದಳು. ಆರನೇ ಡಬ್ಬಿಯ ಮುಂದೆ ನನ್ನ ಕೂಗು ಬಾಯಿಂದ ಪೂರ್ತಿ ಹೊರಡುವ ಮುಂಚೆಯೇ ನನ್ನ ಮೂಗು ಮುಂದಿನ ಸೀಟಿಗೆ ಬಡಿಯಿತು.

ಕಾರು ನಿಂತಿತ್ತು. ಡಬ್ಬಿ ನೆಟ್ಟಗಿತ್ತು.

"ನಾನಾ?" ಅಂದಳು ಅಕ್ಕ.

ದೊಡ್ಡಮ್ಮನ ಕಣ್ಣಲ್ಲಿ ನೀರಾಡಿತು. ಪೆಪ್ಪರ್‌ಮಿಂಟಿನ ಖಾರಕ್ಕೆ ಅಂದಳು.

ಶನಿವಾರ, ಭಾನುವಾರ ಬೀದಿಗೆ ಇಳಿದೆವು. ಸಿಗ್ನಲ್ಲು, ಸೈಕಲ್ಲು, ಎದುರಿಗೆ ಹಾಯ್ದ ನಾಯಿ, ಎಲ್ಲದಕ್ಕೂ ಅಕ್ಕನ ಕಾಲು ತಾನೇ ಇಳಿಯಿತು. ಭಾನುವಾರ ಸಂಜೆ ಹೊತ್ತಿಗೆ ನನ್ನ ಕೂಗೂ ಬೇಕಾಗಲಿಲ್ಲ. ದೊಡ್ಡಮ್ಮ ಮಾತ್ರ ಕಾರಿನಿಂದ ಇಳಿದಾಗಲೆಲ್ಲ ಗೋಡೆಗೆ ಒರಗಿ ನಿಂತು, ನೆಲವನ್ನು ನಾಲ್ಕು ಸಲ ತುಳಿದು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಸೋಮವಾರ ಪರೀಕ್ಷೆಯ ಕಚೇರಿಯ ಮುಂದಿನ ಬೆಂಚಿನ ಮೇಲೆ ನಾವು ಮೂವರೂ ಸಾಲಾಗಿ ಕೂತೆವು. ಪರೀಕ್ಷಕರು ತೆಂಗಿನಮರದಷ್ಟು ಎತ್ತರ. ದೊಡ್ಡಮ್ಮನ ಸೀಟಿನಲ್ಲಿ ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು ಕೂತರು. ಶಾಲೆ ಹೊರಟುಹೋಯಿತು. ಇಪ್ಪತ್ತು ನಿಮಿಷ ಯಾರೂ ಮಾತಾಡಲಿಲ್ಲ, ದೊಡ್ಡಪ್ಪನಿಗೆ ಹಬ್ಬ.

ಮುಂದಿನದು ಅಕ್ಕನೇ ಹೇಳಿದ್ದು. ಬೀದಿಯ ತಿರುವಿನಲ್ಲಿ ಗಾಡಿಯೊಂದರ ಹಿಂದಿನಿಂದ ಮುದುಕರೊಬ್ಬರು ಧುತ್ತೆಂದು ಅಡ್ಡ ಬಂದರು. ಅಕ್ಕ ಅವರಿಂದ ಎರಡು ಮಾರು ದೂರದಲ್ಲೇ ನಿಲ್ಲಿಸಿದಳು. ಪರೀಕ್ಷಕರು "ಹ್ಞೂಂ" ಎಂದು ಏನೋ ಗೀಚಿದರು. ಕೊನೆಗೆ ಕಚೇರಿಯ ಅಂಗಳಕ್ಕೆ ವಾಪಸು ಬಂದು ಕಾರು ನಿಧಾನವಾಗಿ ಗೆರೆಯ ಕಡೆ ಉರುಳುತ್ತಿದ್ದಾಗ, ಪರೀಕ್ಷಕರು ಕಾಲು ಜೋಮು ಹಿಡಿದು ಚಾಚಿದರು. ಕಾರು ಗಕ್ಕನೆ ನಿಂತಿತು.

"ಸಾರ್, ನಾನು ಒತ್ತಿಲ್ಲ!" ಅಂದಳು ಅಕ್ಕ.

"ನಾನು ಒತ್ತಿದ್ದಮ್ಮಾ. ಶೂ ತಾಗ್ತು. ನಿಮ್ಮ ಪರೀಕ್ಷೆ ಆಗಲೇ ಮುಗಿದಿದೆ, ಪಾಸು. ಆ ಮುದುಕರು ಬಂದಾಗ ನಾನು ಒತ್ತಬೇಕು ಅನ್ನೋಷ್ಟರಲ್ಲಿ ನೀವೇ ನಿಲ್ಲಿಸಿಬಿಟ್ರಲ್ಲ."

"ಅದಲ್ಲ ಸಾರ್, ಅದು ಸತ್ತ ಪೆಡಲ್ಲು. ನೀವು ಒತ್ತಿದ್ರೆ ನಿಲ್ಲಬಾರದು!"

ಪರೀಕ್ಷಕರು ಅವಳನ್ನೊಮ್ಮೆ, ಪೆಡಲನ್ನೊಮ್ಮೆ ನೋಡಿದರು. "ಸ್ವಲ್ಪ ಮುಂದೆ ಬಿಡಿ." ಬಿಟ್ಟಳು. ಒತ್ತಿದರು. ನಿಂತಿತು. "ಭೇಷಾಗಿದೆಯಲ್ಲಮ್ಮಾ. ಪೈಪು ಹೊಸದಾ?"

ನಮಗೆ ಇಷ್ಟೇ ಕಂಡದ್ದು: ಶಾಲೆ ಅಂಗಳದಲ್ಲಿ ಎರಡು ಸಲ ಬಿಕ್ಕಳಿಸಿತು, ಅಕ್ಕ ಇಳಿದಳು, ಕೈಯಲ್ಲೊಂದು ಕಾಗದ, ಮುಖ ಕೆಂಪು. ನೇರ ಬೆಂಚಿನ ಮುಂದೆ ಬಂದು ನಿಂತಳು.

"ಪಾಸು" ಅಂದಳು. ನಾವು ಬಾಯಿ ತೆರೆಯುವ ಮುಂಚೆ, "ಆ ಸರಳು ಎಲ್ಲಿಂದ ತಂದ್ರಿ?"

ದೊಡ್ಡಪ್ಪ ಹೆಬ್ಬೆರಳಲ್ಲಿ ನನ್ನನ್ನು ತೋರಿಸಿದರು.

"ವೈಪರಿಂದು" ಅಂದೆ.

"ಮೂರು ದಿನ ಅದು ಕೆಲಸ ಮಾಡ್ತಿತ್ತಾ? ಅಮ್ಮನ ಕಾಲಡೀಲೇ?" ಅಕ್ಕ ತಾಯಿಯ ಕಡೆ ತಿರುಗಿದಳು. "ನೀನು ಒತ್ತದೇ ಕೂತಿದ್ಯಾ? ನೀನು?"

"ಹಲ್ಲು ಒಂದು ಅಲ್ಲಾಡ್ತಿದೆ ಕಣೇ" ಅಂದಳು ದೊಡ್ಡಮ್ಮ. "ಪೆಪ್ಪರ್‌ಮಿಂಟ್ ಕಡಿದೂ ಕಡಿದೂ."

ಅಕ್ಕನ ತುಟಿ ನಡುಗಿತು. ಅಳುತ್ತಾಳೆ ಎಂದುಕೊಂಡು ನಾನು ಬೆಂಚಿನ ತುದಿಗೆ ಸರಿದೆ. ಅವಳು ಉಸಿರೆಳೆದುಕೊಂಡು, ಮೂಗಿನಲ್ಲಿ ಹುಟ್ಟಿಸಿ, ಹಣೆಯಲ್ಲಿ ತಿರುಗಿಸಿ, ನನ್ನನ್ನೂ ಮೀರಿಸುವ ದನಿಯಲ್ಲಿ ಕೂಗಿದಳು.

"ಬ್ರೇ...ಕ್!"

ಬೆಂಚಿನ ಮೇಲಿದ್ದ ನಮ್ಮ ಮೂವರ ಬಲಗಾಲುಗಳೂ ಒಟ್ಟಿಗೆ ಧಡ್ಡೆಂದು ನೆಲ ಒತ್ತಿದವು, ದೊಡ್ಡಪ್ಪನದೂ ಸೇರಿ. ಕಚೇರಿಯ ಬಾಗಿಲಲ್ಲಿ ಪರೀಕ್ಷಕರು ತಿರುಗಿ ನೋಡಿದರು. ದೊಡ್ಡಮ್ಮ ನಕ್ಕಳು, ನಾನು ನಕ್ಕೆ, ದೊಡ್ಡಪ್ಪ ಕೂಡ ಒಂದು ಹಲ್ಲು ತೋರಿಸಿದರು. ಆದರೆ ಲೈಸೆನ್ಸಿನ ಕಾಗದವನ್ನು ಹೊಟ್ಟೆಗೆ ಒತ್ತಿ ಹಿಡಿದು, ಹಿಂದೆ ಹೋಗಿ ಶಾಲೆಯ ಬಾನೆಟ್ಟಿನ ಮೇಲೆ ಒರಗಿ, ಯಾವ ಬ್ರೇಕಿಗೂ ನಿಲ್ಲದ ಹಾಗೆ ನಗುತ್ತಿದ್ದವಳು ಅಕ್ಕ.