ಒಂದು ದಿನದ ಮಟ್ಟಿಗೆ ಮಗಳು

ಅವತ್ತು ಶನಿವಾರ ಕಾಂತೇಶನ ಮೇಲಿದ್ದದ್ದು ಅಂಥ ದೊಡ್ಡ ಜವಾಬ್ದಾರಿಯೇನಲ್ಲ. ಸುರಪುರದ ರಂಗಂಪೇಟೆಯಲ್ಲಿರುವ ಮಾವನ ಮನೆಯಿಂದ ಐದು ವರ್ಷದ ಮಗಳು ರೇವತಿಯನ್ನು ಬೈಕಿನ ಮೇಲೆ ಕೂರಿಸಿಕೊಂಡು ನಾರಾಯಣಪುರಕ್ಕೆ ಹೋಗುವುದು, ಅಲ್ಲಿ ಕ್ವಾರ್ಟರ್ಸಿನಲ್ಲಿರುವ ತನ್ನ ತಾಯಿಗೆ ತೋರಿಸುವುದು, ಡ್ಯಾಮಿನ ನೀರು ತೋರಿಸಿ ದೀಪ ಹಚ್ಚುವ ಹೊತ್ತಿಗೆ ವಾಪಸು ತಂದು ಒಪ್ಪಿಸುವುದು. ಇಷ್ಟು ಮಾಡಿದ್ದರೆ ಸೋಮವಾರ ಹೆಂಡತಿ ಪರಿಮಳಾ ಗಂಟುಮೂಟೆ ಕಟ್ಟಿಕೊಂಡು ಅವನ ಮನೆಗೆ ಬರುವವಳಿದ್ದಳು. ಹಿರಿಯರು ಕೂತು ಹಾಗೆಂದೇ ಮಾತು ಮುಗಿಸಿದ್ದರು. "ಒಂದು ದಿನ ಕೂಸಿನ ನೆಟ್ಟಗ ನೋಡ್ಕೊಂಡು ತೋರಿಸ್ಲಿ, ಆಮ್ಯಾಲ ಸಂಸಾರದ ಮಾತು" ಎಂದು ಮಾವ ಅಂಬ್ರಪ್ಪ ಎಲ್ಲರೆದುರೇ ಹೇಳಿದ್ದ.

ಹೇಳಿದ್ದರಲ್ಲಿ ತಪ್ಪೇನಿತ್ತು? ನೀರಾವರಿ ಇಲಾಖೆಯ ಜೀಪು ಓಡಿಸುವ ಈ ಕಾಂತೇಶನಿಗೆ ಕಾರ್ ರೇಸಿನ ಹುಚ್ಚು. ಎಲ್ಲೋ ರೇಸು ಎಂದು ಕಿವಿಗೆ ಬಿದ್ದರೆ ಮುಗಿಯಿತು, ಮನೆ ಮಠ ಒಂದೂ ನೆನಪಿಗೆ ಬರುತ್ತಿರಲಿಲ್ಲ. ಎರಡು ವರ್ಷದ ಹಿಂದೆ ರೇವತಿಗೆ ಜ್ವರ ಏರಿ ಕಣ್ಣು ಮೇಲೆ ಮಾಡಿದಾಗ ಈ ಪುಣ್ಯಾತ್ಮ ಯಾವುದೋ ಊರಿನ ಮೈದಾನದಲ್ಲಿ ಫೋನು ಬಂದ್ ಮಾಡಿಕೊಂಡು ನಿಂತಿದ್ದ. ಪರಿಮಳಾ ಒಬ್ಬಳೇ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ದವಾಖಾನೆಗೆ ಓಡಿದ್ದಳು. ಅಲ್ಲಿಂದಲೇ ಸೀದಾ ತವರಿಗೆ ಹೋದವಳು ತಿರುಗಿ ಬಂದಿರಲಿಲ್ಲ. ಎರಡು ವರ್ಷ ಅವನು ಮಾವನ ಮನೆಯ ಬಾಗಿಲಿಗೆ ಅಲೆದು ಅಲೆದು, ಇನ್ನು ರೇಸಿನ ಹೆಸರೆತ್ತಿದರೆ ಕೇಳ್ರಿ ಎಂದು ಹಲ್ಲು ಗಿಂಜಿ, ಈ ಒಂದು ದಿನವನ್ನು ಪಡೆದಿದ್ದ.

ಅಂಥ ದಿನ ಈ ಗೃಹಸ್ಥ ಏನು ಮಾಡಿದ? ಸುರಪುರದ ಬಸ್‌ಸ್ಟ್ಯಾಂಡು ದಾಟಿದವನೇ ಬೈಕನ್ನು ಶಹಾಪುರದ ಕಡೆಗೆ ತಿರುಗಿಸಿದ! ಶಹಾಪುರದಿಂದ ವನದುರ್ಗಕ್ಕೆ ಹೋಗುವ ದಾರಿಯ ಬೀಳು ನೆಲದಲ್ಲಿ ಅವತ್ತು ರೇಸಿನ ಕ್ವಾಲಿಫೈಯಿಂಗ್ ಇತ್ತು. ಎರಡೇ ತಾಸು, ಕೂಸಿಗೂ ಒಮ್ಮೆ ತೋರಿಸಿದಂತಾಯಿತು, ಆಮೇಲೆ ನಾರಾಯಣಪುರಕ್ಕೆ ಹೋದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅವನ ಬುದ್ಧಿಗಿಷ್ಟು ಮಣ್ಣು ಹಾಕ.

ದಾರಿಯಲ್ಲಿ ಒಂದು ಬೇವಿನ ಗಿಡದ ಕೆಳಗೆ ಬೈಕು ನಿಲ್ಲಿಸಿ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತ. "ರೇವತಿ, ನಾವು ಕಾರ್ ರೇಸ್ ನೋಡಾಕ ಹೋಗೋಣು. ಆದ್ರ ಇದು ಯಾರಿಗೂ ಹೇಳಬಾರ್ದು. ಯಾರ ಕೂಡ ಬಂದಿ ಅಂತ ಯಾರರ ಕೇಳಿದ್ರ ಬಾಯಿ ಬಿಡಬ್ಯಾಡ."

"ಅವ್ವಗೂ ಹೇಳಬಾರ್ದಾ?"

"ಯಾರಿಗೂ. ಪಪ್ಪಾನ ಆಣಿ ಮಾಡು." ಅವಳ ಪುಟ್ಟ ಕೈ ಹಿಡಿದು ತನ್ನ ತಲೆಯ ಮೇಲಿಟ್ಟುಕೊಂಡ.

"ಆಣಿ ಮುರದ್ರ ಏನಾಗ್ತದ?"

"ಪಪ್ಪಾ ಸತ್ತು ಹೋಗ್ತಾನ" ಎಂದು ಕಾಂತೇಶ ನಕ್ಕ. ರೇವತಿ ನಗಲಿಲ್ಲ. ಕೈಯನ್ನು ಅವನ ತಲೆಯಿಂದ ಮೆಲ್ಲಗೆ ತೆಗೆದು ಲಂಗಕ್ಕೆ ಒರೆಸಿಕೊಂಡಳು.

ಮೈದಾನದಲ್ಲಿ ಜನವೋ ಜನ. ಹಗ್ಗ ಕಟ್ಟಿದ ಹಾದಿಯಲ್ಲಿ ಒಂದೊಂದೇ ಕಾರು ಓಡುತ್ತಿತ್ತು. ಗಾಜು, ಬಾಗಿಲು ಕಿತ್ತೆಸೆದ ಹಳೆಯ ಕಾರುಗಳು. ಯಾರು ಜಲ್ದಿ ಸುತ್ತು ಮುಗಿಸುತ್ತಾರೋ ಅವರಿಗೆ ಮರುದಿನದ ಫೈನಲ್, ಉಳಿದವರು ಗಾಡಿ ತಳ್ಳಿಕೊಂಡು ಊರಿಗೆ. ರೇವತಿ ಎರಡೂ ಕಿವಿ ಮುಚ್ಚಿಕೊಂಡು ಅಪ್ಪನ ಹೆಗಲ ಮೇಲಿಂದ ನೋಡಿದಳು. ಮೂರನೆಯ ಕಾರು ಧೂಳೆಬ್ಬಿಸಿಕೊಂಡು ತಿರುವು ತಗೊಂಡಾಗ "ಪಪ್ಪಾ, ಅದು ಬೀಳ್ತದ!" ಎಂದು ಕಿರುಚಿ ಅವನ ಕೂದಲು ಹಿಡಿದಳು. ಎರಡು ವರ್ಷದಿಂದ ಅವನ ಕೂದಲು ಹಿಡಿದು ಎಳೆದವರು ಯಾರೂ ಇರಲಿಲ್ಲ. ಕಾಂತೇಶನ ಕಣ್ಣು ತುಂಬಿ ಬಂದವು.

ಅಷ್ಟರಲ್ಲಿ ಹಗ್ಗದ ಆಚೆಯಿಂದ ಕೂಗು ಬಂತು. "ಏ ಕಾಂತ್ಯಾ! ದೇವರು ಬಂದಂಗ ಬಂದಿ ನೋಡು. ಗಾಡಿ ಸ್ಟಾರ್ಟ್ ಆಗವಲ್ದು, ಮುಂದಿನ ನಂಬರ್ ನಂದೇ. ಜರಾ ಕೈ ಹಚ್ಚೋ!" ಹಳೆಯ ದೋಸ್ತ ಏಜಾಜ. ಶಹಾಪುರದ ಗ್ಯಾರೇಜಿನವನು.

ಹಗ್ಗದ ಆಚೆ ಮಕ್ಕಳನ್ನು ಬಿಡುವುದಿಲ್ಲ. ಕಾಂತೇಶ ಸುತ್ತ ನೋಡಿದ. ಪಕ್ಕದಲ್ಲೇ ಅಖ್ತರಬೇಗಂ ಎಂಬ ಹೆಂಗಸಿನ ಚಹಾದ ಗಾಡಿ. ಮಗಳನ್ನು ಅಲ್ಲಿದ್ದ ಸ್ಟೂಲಿನ ಮೇಲೆ ಕೂರಿಸಿ, "ಅಕ್ಕಾ, ಎರಡ ನಿಮಿಷ ನೋಡ್ಕೋರಿ" ಎಂದ. ಉಕ್ಕುವ ಹಾಲಿನ ಮುಂದೆ ನಿಂತಿದ್ದ ಆಕೆ ಕೇಳಿದಳೋ ಇಲ್ಲವೋ, ಇವನು ಆಗಲೇ ಹಗ್ಗದಡಿ ನುಸುಳಿ ಹೋಗಿಯಾಗಿತ್ತು.

ಬಾನೆಟ್ಟಿನೊಳಗೆ ಕೈ ಹಾಕಿದವನಿಗೆ ಮೈಮೇಲೆ ಖಬರಿರಲಿಲ್ಲ. ಪೆಟ್ರೋಲಿನ ಪೈಪಿಗೆ ಬಾಯಿ ಹಚ್ಚಿ ಊದಿದ, ಕಸ ಹಾರಿತು, ಗಾಡಿ ಗುರ್ ಎಂದಿತು. ಅಲ್ಲಿಗಾದರೂ ತಿರುಗಿ ಬರಬೇಕೋ ಬೇಡವೋ? "ನನ್ನ ಬಾಜೂಕ ಕೂಡೋನು ಬಂದಿಲ್ಲಲೇ, ನೀನೇ ಕೂಡು" ಎಂದ ಏಜಾಜ. ಕೂತೇ ಬಿಟ್ಟ! ಕೂಸೊಂದನ್ನು ಗುರುತು ಪರಿಚಯವಿಲ್ಲದವರ ಸ್ಟೂಲಿನ ಮೇಲೆ ಬಿಟ್ಟು ಬಂದಿದ್ದೇನೆ ಎನ್ನುವುದು ಆ ಧೂಳಿನಲ್ಲಿ, ಆ ಸದ್ದಿನಲ್ಲಿ ಒಮ್ಮೆಯೂ ಅವನಿಗೆ ನೆನಪಾಗಲಿಲ್ಲ. ಸುತ್ತು ಮುಗಿದು, ಟೈಮು ಚೆನ್ನಾಗಿ ಬಂದು, ಏಜಾಜ ಅವನನ್ನು ತಬ್ಬಿಕೊಂಡು ಬೆನ್ನು ಗುದ್ದಿದಾಗ ಸ್ಟೂಲಿನ ಮೇಲಿನ ಕೂಸು ನೆನಪಾಯಿತು.

ಓಡಿ ಬಂದು ನೋಡಿದರೆ ಸ್ಟೂಲು ಖಾಲಿ.

"ಅಕ್ಕಾ, ಕೂಸೆಲ್ಲಿ?"

"ಯಾವ ಕೂಸ್ರಿ? ಇಲ್ಲೇ ಕುಂತಿತ್ತಲ್ಲ... ಯಾ ಅಲ್ಲಾ!" ಅಖ್ತರಬೇಗಂ ಕೈಯಲ್ಲಿದ್ದ ಜಾಲರಿ ಕೆಳಗಿಟ್ಟಳು.

ಕಾಂತೇಶ ಹುಚ್ಚನಂತೆ ಓಡಿದ. ರೇವತೀ, ರೇವತೀ ಎಂದು ಕೂಗಿದರೆ ಕಾರಿನ ಸದ್ದು ಅವನ ದನಿಯನ್ನು ನುಂಗುತ್ತಿತ್ತು. ಕೆಂಪು ಲಂಗ ಕಂಡಲ್ಲೆಲ್ಲ ಹೋಗಿ ಬೇರೆಯವರ ಮಕ್ಕಳ ಮುಖ ಹಿಡಿದು ತಿರುಗಿಸಿ ಬೈಸಿಕೊಂಡ. ಒಂದು ಕಡೆ ಲಾರಿಗಳು ಓಡಾಡುವ ರಸ್ತೆ, ಇನ್ನೊಂದು ಕಡೆ ಕಟ್ಟೆ ಇಲ್ಲದ ಹಾಳು ಬಾವಿ. ಬಾವಿಯ ಅಂಚಿಗೆ ಬೋರಲು ಮಲಗಿ ಒಳಗೆ ಇಣುಕಿದ. ಹಸಿರು ನೀರಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲ ತೇಲುತ್ತಿತ್ತು. ಅದು ಚೀಲವೇ ಹೌದು ಎಂದು ಖಾತ್ರಿಯಾಗುವಷ್ಟರಲ್ಲಿ ಅವನ ಜೀವ ಬಾಯಿಗೆ ಬಂದಿತ್ತು. ದೇವರೇ, ರೇಸು ಬ್ಯಾಡ, ನೌಕರಿ ಬ್ಯಾಡ, ಕೂಸೊಂದು ಸಿಕ್ಕರೆ ಸಾಕು ಎಂದು ಬಾಯಿಬಿಟ್ಟೇ ಅತ್ತ.

ಆಗ ಮೈಕು ಕೂಗಿತು. "ರಂಗಂಪೇಟಿ ಅಂಬ್ರಪ್ಪ ಅವರ ಮೊಮ್ಮಗಳು, ರೇವತಿ ಅಂತ ಹೆಸರು, ಕೆಂಪು ಲಂಗ ಹಾಕ್ಯಾಳ. ಕೂಸಿನ ಕಡೆಯವರು ಯಾರಿದ್ರೂ ಕಮಿಟಿ ಪೆಂಡಾಲಿಗೆ ಬರ್ರಿ."

ಸಿಕ್ಕಳು! ಕಾಂತೇಶ ಎದ್ದು ಓಡಿದ. ಓಡುತ್ತಲೇ ಇನ್ನೊಂದು ಅಂಜಿಕೆ ಹೊಕ್ಕಿತು. ಮಾವನ ಹೆಸರು ಮೈಕಿನಲ್ಲಿ ಬಂದಿದೆ. ಈ ಜನದಲ್ಲಿ ರಂಗಂಪೇಟೆಯವರು ಒಬ್ಬರಿದ್ದರೂ ತನ್ನ ಕಥೆ ಮುಗಿಯಿತು. ಜಲ್ದಿ ಹೋಗಬೇಕು, ಕೂಸನ್ನೆತ್ತಿಕೊಂಡು ಬೈಕು ಹತ್ತಬೇಕು.

ಪೆಂಡಾಲಿನಲ್ಲಿ ಕಮಿಟಿಯ ಹಿರಿಯ ಬಸವಂತ್ರಾಯ ರೇವತಿಯನ್ನು ಕುರ್ಚಿಯ ಮೇಲೆ ಕೂರಿಸಿಕೊಂಡಿದ್ದ. ಸುತ್ತ ಜನ. ಕಾಂತೇಶ ಕೈ ಚಾಚಿ ನುಗ್ಗಿದ. "ನನ್ನ ಮಗಳ್ರಿ. ಬಾರವ್ವ, ಬಾ."

ಬಸವಂತ್ರಾಯ ನಡುವೆ ಕೈ ಅಡ್ಡ ಇಟ್ಟ. "ತಡೀರಿ. ಕೂಸು ಒಂದೇ ಅಳ್ಕೋತ ಇಲ್ಲಿಗಿ ಬಂತು. ಹೆಸರು ಹೇಳ್ತದ, ಊರು ಹೇಳ್ತದ, ಮುತ್ಯಾನ ಹೆಸರು ಹೇಳ್ತದ. ಯಾರ ಕೂಡ ಬಂದಿ ಅಂದ್ರ ಮಾತ್ರ ಹಲ್ಲು ಕಚ್ಚಿ ಕುಂದ್ರತದ. ಏನವ್ವ, ಇವರು ಯಾರು? ಇವರ ಕೂಡ ಬಂದಿಯೇನು?"

ರೇವತಿ ಅಪ್ಪನನ್ನು ನೋಡಿದಳು. ಅವಳ ಕಣ್ಣಿನಿಂದ ನೀರು ಬಳಬಳ ಇಳಿಯಿತು. ಬಾಯಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡು ಅಲ್ಲ ಎಂದು ತಲೆಯಾಡಿಸಿದಳು.

ಜನ ಗುಜುಗುಜು ಎಂದರು. ಆ ವಾರವಿಡೀ ಎಲ್ಲರ ಮೊಬೈಲಿನಲ್ಲೂ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ಹರಿದಾಡುತ್ತಿತ್ತು. ಯಾರೋ ಹಿಂದಿನಿಂದ ಕಾಂತೇಶನ ಕಾಲರ್ ಹಿಡಿದರು.

ಕಾಂತೇಶನಿಗೆ ಬೇವಿನ ಗಿಡ ನೆನಪಾಯಿತು. ಅಯ್ಯೋ, ಕೂಸು ತನ್ನ ಜೀವ ಉಳಿಸಲಿಕ್ಕೆ ಬಾಯಿ ಮುಚ್ಚಿಕೊಂಡಿದೆ! "ರೇವತಿ, ಹೇಳವ್ವ! ನಾ ಆಣಿ ಬಿಟ್ಟೀನಿ. ಪಪ್ಪಾಗ ಏನೂ ಆಗಂಗಿಲ್ಲ, ಹೇಳು!"

ಹೇಳಬಾರದ ಮಾತು ಹೇಳಿದ. "ಆಣಿ ಹಾಕಿಸ್ಯಾನ ನೋಡ್ರಿ! ಕೂಸಿನ ಬಾಯಿ ಕಟ್ಟಿಸ್ಯಾನ!" ಎಂದು ಒಬ್ಬ ಚೀರಿದ. ಕೆನ್ನೆಗೊಂದು ಏಟು ಬಿತ್ತು. ಏಟು ಬಿದ್ದದ್ದೇ ರೇವತಿ ಕಿಟಾರನೆ ಕಿರುಚಿದಳು. ಆಣೆ ಮುರಿಯದಿದ್ದರೂ ಪಪ್ಪಾನನ್ನು ಯಾಕೆ ಹೊಡೆಯುತ್ತಾರೆ ಎಂದು ಆ ಕೂಸಿಗೆ ಹೇಗೆ ತಿಳಿಯಬೇಕು?

"ಕೈ ತೆಗೀರಿ!" ಬಸವಂತ್ರಾಯ ಗದರಿದ. "ನನ್ನ ಪೆಂಡಾಲಿನಾಗ ಯಾರೂ ಯಾರನ್ನೂ ಹೊಡಿಯಂಗಿಲ್ಲ. ತಮ್ಮಾ, ನಿನ್ನ ಮಗಳು ಅನ್ನಾಕ ಏನರ ತೋರಿಸು."

ಕಾಂತೇಶ ಮೊಬೈಲು ತೆಗೆದ. ಅದರಲ್ಲಿದ್ದದ್ದು ಬೋಳು ತಲೆಯ, ಹಲ್ಲು ಮೂಡದ ಕೂಸಿನ ಫೋಟೋ. ಸಿಕ್ಕಿಬೀಳುತ್ತೇನೆಂದು ಇವತ್ತು ಒಂದೂ ತೆಗೆದಿರಲಿಲ್ಲ. ಗದ್ದಲ ಕೇಳಿ ಏಜಾಜ ಓಡಿ ಬಂದ. "ಇಂವ ನಮ್ಮ ದೋಸ್ತ ಅದಾನ್ರಿ, ಚೊಲೋ ಮನಷ್ಯಾ." ಕೂಸನ್ನು ಮೊದಲು ನೋಡಿದ್ದೀಯಾ ಎಂದು ಕೇಳಿದರೆ ತಲೆ ಕೆರೆದುಕೊಂಡ. "ಇಲ್ರಿ. ಇವತ್ತ ಮಗಳ ಕೂಡ ಬಂದಾನ ಅಂತ ನನಗೂ ಹೇಳ್ಳಿಲ್ಲ."

ಅಖ್ತರಬೇಗಂ ಏದುಸಿರು ಬಿಡುತ್ತ ಬಂದಳು. "ಕೂಸಿನ ನನ್ನ ಗಾಡಿ ಕಡೆ ಬಿಟ್ಟಾಂವ ಇವನೇ ರೀ. ಖರೇ. ಆದ್ರ ಸ್ವಂತ ಅಪ್ಪ ಹಂಗ ಬಿಟ್ಟು ಹೋಗ್ತಾನೇನ್ರಿ? ಗಾಡ್ಯಾಗ ಕುಂತು ಸುತ್ತು ಹೊಡ್ಯಾಕ?"

"ಪೊಲೀಸರನ್ನ ಕರಸ್ರಿ" ಎಂದರು ಜನ. ಬಸವಂತ್ರಾಯ ಕಾಂತೇಶನ ಮುಖ ನೋಡಿದ. "ಕೂಸಿನ ತಾಯಿ ಇದ್ದಾಳಿಲ್ಲೋ? ಫೋನ್ ಹಚ್ಚು."

ಅದೊಂದನ್ನು ಬಿಟ್ಟು ಬೇರೆ ಏನು ಬೇಕಾದರೂ ಮಾಡುತ್ತಿದ್ದ. ಫೋನು ಹಚ್ಚಿದರೆ ಸೋಮವಾರ ಹೋಯಿತು. ಹಚ್ಚದಿದ್ದರೆ ಕೂಸು ಪೊಲೀಸ್ ಠಾಣೆಯಲ್ಲಿ ಕೂರಬೇಕು, ಗುರುತಿಲ್ಲದವರ ನಡುವೆ. ರೇವತಿ ಈಗ ದನಿ ಬತ್ತಿ ಬಿಕ್ಕುತ್ತಿದ್ದಳು. ಕಾಂತೇಶ ನಂಬರು ಒತ್ತಿ ಮೊಬೈಲನ್ನು ಬಸವಂತ್ರಾಯನ ಕೈಗೆ ಕೊಟ್ಟು ಅಲ್ಲೇ ನೆಲದ ಮೇಲೆ ಕುಸಿದ.

ಬಸವಂತ್ರಾಯ ಸ್ಪೀಕರ್ ಹಾಕಿದ. "ಅವ್ವಾ, ನಿಮ್ಮ ಮಗಳು ರೇವತಿ ನಮ್ಮ ಹತ್ರ ಅರಾಮ ಅದಾಳ, ಅಂಜಬ್ಯಾಡ್ರಿ. ಶಹಾಪುರದ ಕಾರ್ ರೇಸಿನ ಮೈದಾನದಿಂದ ಮಾತಾಡಾಕತ್ತೀನಿ. ಕಾಂತೇಶ ಅಂತ ಒಬ್ಬರು ನಾನೇ ತಂದಿ ಅನ್ನಾಕತ್ಯಾರ. ಹೌದೇನ್ರಿ?"

"ಎಲ್ಲಿಂದ ಅಂದ್ರಿ?"

"ರೇಸಿನ ಮೈದಾನದಿಂದವ್ವ."

ಪರಿಮಳಾಳ ದನಿ ಪೆಂಡಾಲಿನ ಎಲ್ಲರಿಗೂ ಕೇಳುವಂತೆ ಬಂತು. "ತಂದಿನೇ ಹೌದ್ರಿ. ಆದ್ರ ನಾ ಬರೋತನಾ ಕೂಸಿನ ಅವರ ಕೈಗಿ ಕೊಡಬ್ಯಾಡ್ರಿ."

ಕಾಲರ್ ಹಿಡಿದವನು ಕೈ ಬಿಟ್ಟ. ಹೊಡೆದವನು ಮೆಲ್ಲಗೆ ಹಿಂದೆ ಸರಿದ. ಜನ ಒಬ್ಬೊಬ್ಬರೇ ಕಾರು ನೋಡಲು ಹೊರಟರು. ಅವರು ಇನ್ನಷ್ಟು ಹೊಡೆದಿದ್ದರೂ ಚೆನ್ನಾಗಿತ್ತು ಎನಿಸಿತು ಕಾಂತೇಶನಿಗೆ. ಅಖ್ತರಬೇಗಂ ರೇವತಿಯನ್ನು ಎತ್ತಿಕೊಂಡು ತನ್ನ ಗಾಡಿಯ ಕಡೆ ಹೋದಳು. ಕಾಂತೇಶ ಹಿಂದೆ ಹಿಂದೆ ಹೋಗಿ ನಾಲ್ಕು ಮಾರು ದೂರದಲ್ಲಿ ಕೂತ. ಹತ್ತಿರ ಹೋಗಲು ಧೈರ್ಯ ಸಾಲಲಿಲ್ಲ.

ಪರಿಮಳಾ ತಮ್ಮ ಹಣಮೇಶನ ಬೈಕಿನ ಮೇಲೆ ಬಂದಳು. ತಲೆಯೂ ಬಾಚಿರಲಿಲ್ಲ. ಮಗಳನ್ನು ಎತ್ತಿಕೊಂಡು ಕೈ, ಕಾಲು, ಬೆನ್ನು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಬೈಯುತ್ತಾಳೆ, ಚಪ್ಪಲಿ ತೆಗೆಯುತ್ತಾಳೆ ಎಂದು ಕಾಂತೇಶ ಕಾದ. ಅವಳು ಬೈಯಲಿಲ್ಲ. ಅದನ್ನೇ ಅವನಿಗೆ ತಡೆಯಲಾಗಲಿಲ್ಲ. ಎದ್ದು ಬಂದು ಕೈ ಮುಗಿದ.

"ಪರಿಮಳಾ, ಸೋಮವಾರ ಬರ್ತಿಯಲ್ಲ? ಒಂದ ಸಲ, ಇದೊಂದ ಸಲ ಮಾಫ್ ಮಾಡು. ಸೋಮವಾರ ಬರ್ತಿಯಲ್ಲ?"

ಪರಿಮಳಾ ಅವನನ್ನು ನೆಟ್ಟಗೆ ನೋಡಿದಳು. "ಕೂಸು ಉಂಡದೇನ್ರಿ?"

ಹೊತ್ತು ಇಳಿಮುಖವಾಗಿತ್ತು. ಬೆಳಿಗ್ಗೆ ಮಾವನ ಮನೆ ಬಿಟ್ಟ ಮೇಲೆ ಕೂಸಿಗೆ ಒಂದು ಗುಟುಕು ನೀರು ಕುಡಿಸಿದ್ದೂ ಕಾಂತೇಶನಿಗೆ ನೆನಪಾಗಲಿಲ್ಲ.

"ನಾ ಉಣಿಸೀನವ್ವ" ಎಂದಳು ಅಖ್ತರಬೇಗಂ. "ನನ್ನ ಡಬ್ಬ್ಯಾಗಿನ ಎರಡು ಚಪಾತಿ ಇಡೀ ತಿಂತು. ಭಾಳ ಹಸದಿತ್ತು ಪಾಪ."

ಪರಿಮಳಾ ಆಕೆಯ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ಮಗಳನ್ನು ನಡುವೆ ಕೂರಿಸಿಕೊಂಡು ಬೈಕು ಹತ್ತಿದಳು.

"ಅವ್ವಾ, ಪಪ್ಪಾ ಬರಂಗಿಲ್ಲೇನು?" ಎಂದಳು ರೇವತಿ.

"ಪಪ್ಪಾಗ ಇಲ್ಲಿ ಕೆಲಸ ಅದವ್ವ."

ಏನೂ ಕೆಲಸವಿಲ್ಲ ಎಂದು ಕೂಗಬೇಕೆಂದು ಕಾಂತೇಶ ಬೈಕಿನ ಕಡೆ ಎರಡು ಹೆಜ್ಜೆ ಇಟ್ಟ. ಹಣಮೇಶ ಅವನ ಕಡೆ ನೋಡದೆ ಕಿಕ್ ಹೊಡೆದ. ಬೈಕು ಸುರಪುರದ ಕಡೆ ಹೊರಟಿತು.